ಅಕ್ಕನ ವಿಮಾನ ನಿಲ್ಲಿಸಿದ್ದು

ನನ್ನ ಅಕ್ಕ ಕೈಗಾರಿಕಾ ತರಬೇತಿ ಕೇಂದ್ರವೊಂದರಲ್ಲಿ ಫಿಟ್ಟರ್ ಪಾಠ ಹೇಳಿ ನಿವೃತ್ತಳಾದವಳು. ಮೂವತ್ತು ವರ್ಷ ಹುಡುಗರ ಕೈಗೆ ಅರ ಕೊಟ್ಟು ಕಬ್ಬಿಣ ಉಜ್ಜಿಸಿದವಳು. ಮದುವೆಯಾಗಲಿಲ್ಲ, ಸಕಲೇಶಪುರದಲ್ಲಿ ಒಬ್ಬಳೇ ಇದ್ದಾಳೆ. ಕೆಲಸ ಮುಗಿದ ಮೇಲೆ ಕಾಶಿ, ರಾಮೇಶ್ವರ ಎಂದು ಹೊರಡುತ್ತಾಳೇನೋ ಅಂದುಕೊಂಡಿದ್ದೆವು. ಅವಳು ಹಾಸನಕ್ಕೆ ಹೋಗಿ ಒಂದು ವಿಮಾನ ತಂದಳು.

ರಿಮೋಟಿನಲ್ಲಿ ಹಾರಿಸುವ ವಿಮಾನ. ರೆಕ್ಕೆ ನನ್ನ ಎರಡು ತೋಳು ಚಾಚಿದಷ್ಟು ಉದ್ದ. ಮೂತಿಯಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಎಂಜಿನ್ನು. ಸಕಲೇಶಪುರದಲ್ಲಿ ಹಾರಿಸಲು ಮಟ್ಟಸವಾದ ಜಾಗ ಎಲ್ಲಿದೆ? ಒಂದು ಕಡೆ ಕಾಫಿ ತೋಟ, ಇನ್ನೊಂದು ಕಡೆ ಕಣಿವೆ. ಹಾಗಾಗಿ ಭಾನುವಾರ ಬೆಳಗ್ಗೆ ಪಾಳ್ಯದ ನಮ್ಮ ಮನೆಗೆ ಬಸ್ಸಿನಲ್ಲಿ ಬಂದಳು. ರೆಕ್ಕೆಗೆ ಹಳೆಯ ದುಪ್ಪಟಿ ಸುತ್ತಿದ್ದಳು, ಉಳಿದ ಭಾಗವನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅದೇನು ಎಂದು ಕಂಡಕ್ಟರು ಕೇಳಿದರಂತೆ. ವಿಮಾನ ಅಂದಳಂತೆ. ಅವರು ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದರಂತೆ.

ಭತ್ತ ಕೊಯ್ದು ಗದ್ದೆ ಒಣಗಿತ್ತು. ನನ್ನ ಗಂಡ ಕೂಳೆ ಸವರಿ, ರೋಣಗಲ್ಲು ಉರುಳಿಸಿ ಉದ್ದಕ್ಕೂ ಒಂದು ಪಟ್ಟಿ ಹದ ಮಾಡಿಕೊಟ್ಟರು. ಮಾಡುವಾಗ ಗೊಣಗಿದರು. ಮುಗಿದ ಮೇಲೆ ಅದಕ್ಕೆ ಏರ್‌ಪೋರ್ಟು ಎಂದು ಹೆಸರಿಟ್ಟವರೂ ಅವರೇ.

ಹಾರಿಸುವುದನ್ನು ನೋಡಬೇಕೆಂದು ನಾನು ಕುಣಿಯುತ್ತಿದ್ದರೆ ಅಕ್ಕ ಮೊದಲು ನಿಲ್ಲಿಸುವುದನ್ನು ಕಲಿಸಲು ಕೂತಳು. ಈ ಎಂಜಿನ್ನಿಗೆ ಕೀಲಿಕೈ ಇಲ್ಲ, ಸ್ವಿಚ್ಚೂ ಇಲ್ಲ. ಹೊತ್ತಿಸುವಾಗ ಮಾತ್ರ ಬ್ಯಾಟರಿ ಬೇಕು. ಹೊತ್ತಿಕೊಂಡ ಮೇಲೆ ತನ್ನ ಕಾವಿನಲ್ಲೇ ಓಡುತ್ತಿರುತ್ತದೆ. ರಿಮೋಟ್ ಆರಿಸಿದರೆ ಎಂಜಿನ್ನು ನಿಲ್ಲುತ್ತದೆ ಎಂಬ ಭರವಸೆಯಿಲ್ಲ, ನಮ್ಮ ಹಿಡಿತವೊಂದು ತಪ್ಪುತ್ತದೆ ಅಷ್ಟೆ. ನಿಲ್ಲಿಸಬೇಕೆಂದರೆ ರಿಮೋಟಿನ ಎಡಗಡೆಯ ಕಡ್ಡಿಯನ್ನು ಪೂರ್ತಿ ಕೆಳಗಿಳಿಸಿ, ಪಕ್ಕದ ಸಣ್ಣ ಗುಂಡಿಯನ್ನೂ ಕೆಳಗೆ ಒತ್ತುತ್ತಾ ಹೋಗಬೇಕು. ಆಗ ಗಾಳಿ ಹೋಗುವ ಬಾಯಿ ಮುಚ್ಚಿ, ಉಸಿರು ಕಟ್ಟಿ ನಿಲ್ಲುತ್ತದೆ. ಹಾಗೂ ನಿಲ್ಲದಿದ್ದರೆ ಟ್ಯಾಂಕಿನಿಂದ ಬರುವ ಎಣ್ಣೆಯ ರಬ್ಬರ್ ನಳಿಕೆಯನ್ನು ಬೆರಳಲ್ಲಿ ಹಿಂಡಿ ಹಿಡಿಯಬೇಕು. ನಳಿಕೆಯ ಒಂದು ಕೊಂಕನ್ನು ಅಕ್ಕ ಅದಕ್ಕೆಂದೇ ರೆಕ್ಕೆಯ ಹತ್ತಿರ ಹೊರಗೆ ಬಿಟ್ಟಿದ್ದಳು. ಅಲ್ಲಿಗೆ ಹೋಗುವುದು ಯಾವಾಗಲೂ ಹಿಂದಿನಿಂದ. ಮೂತಿಯ ಮುಂದಿನ ಫ್ಯಾನು ತಿರುಗುವಾಗ ಅಲ್ಲಿ ಏನೂ ಇಲ್ಲವೇನೋ ಎಂಬಂತೆ ಕಾಣುತ್ತದೆ, ಬೆರಳು ಹೋದ ಮೇಲೆಯೇ ಇತ್ತೆಂದು ಗೊತ್ತಾಗುವುದು ಎಂದಳು.

ಎಂಜಿನ್ನು ಸುಮ್ಮನೆ ಇದ್ದಾಗಲೇ ನನ್ನಿಂದ ಇಪ್ಪತ್ತು ಸಲ ಮಾಡಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸು, ಬಳೆ ಮೇಲಕ್ಕೆ ಸರಿಸು, ರೆಕ್ಕೆಯ ಹಿಂದೆ ಕೂರು, ಹಿಂಡು. ಐವತ್ತೈದು ದಾಟಿದ ನಾನು ಗದ್ದೆಯ ನಡುವೆ ಪರೀಕ್ಷೆಗೆ ಕೂತ ಹಾಗೆ ಮಾಡಿದೆ, ಎರಡು ಸಲ ಬೈಸಿಕೊಂಡೆ.

ಎರಡು ಭಾನುವಾರ ಎಲ್ಲವೂ ಸಲೀಸಾಗಿ ಹೋಯಿತು. ವಿಮಾನ ಏರುವಾಗ ನಾನೂ ಜೊತೆಗೇ ತುದಿಗಾಲಿನ ಮೇಲೆ ಏರುತ್ತಿದ್ದೆ. ಹೊಗೆಗೆ ಹರಳೆಣ್ಣೆಯ ವಾಸನೆ. ಎಣ್ಣೆನೀರಿನ ದಿನದ ವಾಸನೆ ಹೊತ್ತುಕೊಂಡು ಒಂದು ವಸ್ತು ಆಕಾಶದಲ್ಲಿ ಲಾಗ ಹಾಕುವುದನ್ನು ನೋಡಿ ನಾನು ಬದುವಿನ ಮೇಲೆ ಕೂತು ಒಬ್ಬಳೇ ನಗುತ್ತಿದ್ದೆ.

ಮೂರನೇ ಭಾನುವಾರ ಅದು ಚೆನ್ನಾಗಿಯೇ ಇಳಿಯಿತು. ಎಡಗಡೆಯ ಕಡ್ಡಿಯನ್ನು ಅಕ್ಕ ಕೆಳಗಿಳಿಸಿದಳು, ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಎಂಜಿನ್ನು ಕೇಳಲಿಲ್ಲ. ಗಾಳಿಯ ಬಾಯಿಗೆ ಹೋಗುವ ತಂತಿಯ ಸ್ಕ್ರೂ ಅದುರಿ ಸಡಿಲವಾಗಿತ್ತಂತೆ. ಆಗ ನಮಗೆ ಅದು ತಿಳಿಯಲಿಲ್ಲ. ಕಂಡದ್ದಿಷ್ಟು: ವಿಮಾನ ಅರ್ಧ ವೇಗದಲ್ಲಿ ಪಟ್ಟಿಯುದ್ದಕ್ಕೂ ಓಡಿ ಬರುತ್ತಿತ್ತು, ಬರುತ್ತಿದ್ದುದು ನಮ್ಮ ಕಡೆಗೇ.

ಅದೃಷ್ಟಕ್ಕೆ ಚಕ್ರ ಅಕ್ಕನ ಮಾತು ಕೇಳುತ್ತಿತ್ತು. ಅವಳು ಅದನ್ನು ತಿರುಗಿಸಿ, ಗದ್ದೆಯ ನಡುವೆ ಕಣ ತುಳಿಯುವ ಎತ್ತಿನ ಹಾಗೆ ಸುತ್ತು ಹಾಕಿಸತೊಡಗಿದಳು. ಆದರೆ ಹಾಗೆ ಸುತ್ತಿಸುತ್ತಿದ್ದರೆ ರಿಮೋಟು ಕೆಳಗಿಡುವಂತಿಲ್ಲ. ನನ್ನತ್ತ ನೋಡದೆಯೇ, ತರಗತಿಯಲ್ಲಿ ಹೇಳುವ ದನಿಯಲ್ಲಿ ಅಂದಳು: "ನೀನೇ ಹೋಗ್ಬೇಕು ಕಣೇ. ಹಿಂದಿಂದ ಹೋಗು. ಓಡ್ಬೇಡ."

ಸೆರಗು ಸಿಕ್ಕಿಸಿಕೊಂಡೆ, ಬಳೆ ಸರಿಸಿದೆ. ಅಷ್ಟರಲ್ಲಿ ನನ್ನ ಗಂಡ ಹೆಗಲ ಮೇಲಿನ ಟವೆಲ್ ಎಳೆದುಕೊಂಡು ಇನ್ನೊಂದು ಕಡೆಯಿಂದ ನುಗ್ಗಿದರು. ಫ್ಯಾನಿನ ಮೇಲೆ ಬಟ್ಟೆ ಎಸೆದರೆ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ಟವೆಲ್ ಸುತ್ತಿಕೊಂಡರೆ ಫ್ಯಾನಿನ ರೆಕ್ಕೆ ಮುರಿದು ಚೂರು ಹಾರುತ್ತದೆ, ತುದಿ ಹಿಡಿದ ಕೈಯನ್ನೂ ಎಳೆದುಕೊಳ್ಳುತ್ತದೆ ಎಂದು ಅಕ್ಕ ಹೇಳಿದ್ದಳು. ಅವಳು ಆ ಪಾಠ ಹೇಳುವಾಗ ಇವರು ಕಾಫಿ ಕುಡಿಯಲು ಎದ್ದು ಹೋಗಿದ್ದರು.

"ಟವೆಲ್ ಬಿಸಾಕ್ರೀ. ಬಾಲ ಹಿಡ್ಕಳಿ, ಬಾಲ," ಅಂದೆ.

ಮೂವತ್ತು ವರ್ಷದ ಸಂಸಾರದಲ್ಲಿ ನಾನು ಹೇಳಿದ್ದನ್ನು ಅವರು ಮರುಮಾತಿಲ್ಲದೆ ಮಾಡಿದ್ದು ಅದೇ ಮೊದಲಿರಬೇಕು. ಟವೆಲ್ಲನ್ನು ದೂರಕ್ಕೆ ಎಸೆದು, ವಿಮಾನ ಬೆನ್ನು ತಿರುಗಿಸಿ ಹೋಗುವವರೆಗೆ ಕಾದು, ಹಿಂದಿನಿಂದ ಮಂಡಿಯೂರಿ ಬಾಲದ ಮುಂಭಾಗವನ್ನು ಗಟ್ಟಿಯಾಗಿ ಹಿಡಿದರು. ಹಗ್ಗ ಬಿಚ್ಚಿಕೊಂಡ ಕರುವಿನ ಹಾಗೆ ಅದು ಜಗ್ಗಾಡಿತು.

ನಾನು ರೆಕ್ಕೆಯ ಹಿಂದೆ ಕೂತೆ. ಸದ್ದು ಎದೆಗೂಡಿನ ಒಳಗೇ ಬರುತ್ತಿತ್ತು. ಫ್ಯಾನು ಕಾಣುತ್ತಲೇ ಇರಲಿಲ್ಲ. ಅದರಾಚೆ ಗದ್ದೆ, ಬದು, ಮೇಯುವ ಎಮ್ಮೆ ಎಲ್ಲವೂ ತೆಳ್ಳಗಿನ ಪರದೆಯ ಮೂಲಕ ಕಂಡಂತೆ ಕಂಡವು. ನಳಿಕೆ ಸಿಕ್ಕಿತು. ಹೆಬ್ಬೆರಳು, ತೋರುಬೆರಳಲ್ಲಿ ಹಿಂಡಿದೆ.

ಎಂಜಿನ್ನು ನಿಲ್ಲುವ ಬದಲು ಕಿರುಚಿಕೊಂಡಿತು. ಇದ್ದ ವೇಗದ ಮೇಲೆ ಇನ್ನಷ್ಟು ವೇಗ. ತಪ್ಪು ನಳಿಕೆ ಹಿಡಿದೆನೇ ಎಂದು ನನಗೆ ಜೀವವೇ ಹೋದ ಹಾಗಾಯಿತು.

"ಜಾಸ್ತಿ ಆಗ್ಬುಡ್ತು, ಬಿಟ್ಬುಡೇ," ಎಂದರು ನನ್ನ ಗಂಡ.

"ಬಿಡ್ಬೇಡ," ಅಂದಳು ಅಕ್ಕ. "ಎಣ್ಣೆ ತೀರೋ ಮುಂಚೆ ಹಂಗೇ ಅರಚ್ತದೆ. ಹಿಡ್ಕಂಡಿರು."

ಹಿಡಿದುಕೊಂಡೇ ಇದ್ದೆ. ಎಷ್ಟು ಹೊತ್ತು? ಮೂರು ಉಸಿರಿನಷ್ಟು ಇರಬಹುದು. ಒಂದು ಸಲ ಕೆಮ್ಮಿತು, ಫ್ಯಾನು ಇದ್ದಕ್ಕಿದ್ದಂತೆ ಕಣ್ಣಿಗೆ ಕಂಡಿತು, ನಿಂತಿತು. ಎಂಥ ಮೌನ! ಪಾಳ್ಯದ ರಸ್ತೆಯಲ್ಲಿ ಬಸ್ಸು ಗೇರು ಬದಲಿಸಿದ್ದು ಕೇಳಿಸಿತು.

ಯಾರೂ ಅಲುಗಲಿಲ್ಲ. ನನ್ನ ಬೆರಳು ನಳಿಕೆಯನ್ನು ಬಿಡಲು ಒಪ್ಪಲಿಲ್ಲ. ಅವರು ಬಾಲ ಬಿಡಲಿಲ್ಲ. ಅಕ್ಕ ಬಂದು ಮೊದಲು ವಿಮಾನದೊಳಗೆ ರಿಮೋಟಿನ ಸಂಕೇತ ಹಿಡಿಯುವ ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಆಮೇಲೆ ರಿಮೋಟು ಆರಿಸಿ, ಇನ್ನು ಬಿಡಬಹುದು ಮಾರಾಯ್ರೆ, ಅದು ಸತ್ತೋಗಿದೆ ಎಂದಳು.

ಆಗ ನಗು ಬಂತು. ಎಲ್ಲಿಂದ ಬಂತೋ! ನಾನು ಗದ್ದೆಯಲ್ಲಿ ಹಾಗೇ ಹಿಂದಕ್ಕೆ ಮಲಗಿಬಿಟ್ಟೆ. ಕೂಳೆ ಬೆನ್ನಿಗೆ ಚುಚ್ಚುತ್ತಿದ್ದರೂ ಏಳಲಾಗಲಿಲ್ಲ. ಅಕ್ಕ ಪಕ್ಕದಲ್ಲಿ ಕುಕ್ಕರಿಸಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ತನ್ನ ಮೂವತ್ತು ವರ್ಷದ ಯಾವ ವಿದ್ಯಾರ್ಥಿಯೂ ಇಷ್ಟು ಚೆನ್ನಾಗಿ ಹೇಳಿದ್ದನ್ನು ಕೇಳಿರಲಿಲ್ಲ ಎಂದಳು. ನನ್ನ ಗಂಡ ಮೊದಲು ಮುಖ ಗಂಟಿಕ್ಕಿಕೊಂಡು ಮಂಡಿಯ ಮಣ್ಣು ಕೊಡವಿದರು, ಆಮೇಲೆ ಅವರೂ ಸೋತು ನಕ್ಕರು. ಅತ್ತ ಎಮ್ಮೆ ಮೇವು ಬಿಟ್ಟು ನಮ್ಮನ್ನೇ ನೋಡುತ್ತಿತ್ತು.

ಅಕ್ಕ ಎಂಜಿನ್ನಿನ ಕಾವು ಆರುವವರೆಗೆ ಕಾದು ಸಡಿಲ ಸ್ಕ್ರೂ ಕಂಡುಹಿಡಿದಳು. ಬಿಗಿದು, ಅದುರಿದರೂ ಬಿಡದಂತೆ ಒಂದು ತೊಟ್ಟು ಅಂಟು ಹಾಕಿದಳು. ಇವತ್ತಿಗೆ ಸಾಕು, ಅಂಟು ಒಣಗಲಿ, ನಿನಗೂ ಹೆದರಿಕೆಯಾಗಿದೆ ಎಂದಳು.

ಹೆದರಿಕೆ ಆಗಿದ್ದು ನಿಜ. ಆದರೆ ಅದು ಯಾವಾಗಲೋ ಬೇರೇನೋ ಆಗಿ ತಿರುಗಿ, ಮೈಯೆಲ್ಲ ಹಗುರವಾಗಿ, ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಊಟಕ್ಕೆ ಬಡಿಸುವಾಗ ಸಾರಿನ ಸೌಟು ಹಿಡಿದು ಒಮ್ಮೆ, ಮಜ್ಜಿಗೆ ಹಾಕುವಾಗ ಇನ್ನೊಮ್ಮೆ ನಗು ಉಕ್ಕಿತು. ಊಟವಾದ ಮೇಲೆ ಅಕ್ಕನ ಮುಂದೆ ಕೈಚಾಚಿ ನಿಂತೆ. ಮುಂದಿನ ವಾರ ರಿಮೋಟು ನನಗೆ ಕೊಡಬೇಕು ಎಂದೆ.

"ಎರಡೇ ನಿಮಿಷ," ಅಂದಳು.

ಮಾತಿಗೆ ತಪ್ಪಲಿಲ್ಲ. ಮುಂದಿನ ಭಾನುವಾರ ಎತ್ತರದಲ್ಲಿ ವಿಮಾನ ನೆಟ್ಟಗೆ ಹೋಗುತ್ತಿದ್ದಾಗ ರಿಮೋಟು ನನ್ನ ಕೈಗೆ ಬಂತು. ಬಲಕ್ಕೆ ಅಂದರೆ ಬಲಕ್ಕೆ ಹೋಯಿತು. ಅಷ್ಟೇ ಸಾಕಾಗಿತ್ತು ನನಗೆ. ಬಾಯಿ ತೆರೆದೇ ನಿಂತಿದ್ದೆನಂತೆ.