ಶಿವಗಂಗಮ್ಮ ಬೇಡವೆಂದ ಕಾರ್ಡು

“ನಾನೇ ಕಣಮ್ಮ ಹೇಳಿದ್ದು. ಪೊಲೀಸ್ನೋರು ಬಾಗಿಲಲ್ಲಿ ನಿಂತಿದ್ರು. ನಮ್ ಸೆನುವಾರಾ ಕೊರಳಲ್ಲಿದ್ದ ಚೀಲದಿಂದ ನೀಲಿ ಕಾರ್ಡ್ ತೆಗೀತಾ ಇದ್ಲು. ದಿಲ್ಲೀಲಿ ವಿಶ್ವಸಂಸ್ಥೆಯೋರು ಕೊಟ್ಟಿದ್ದಂತೆ ಅದು, ಇವಳು ಬರ್ಮಾದಿಂದ ಜೀವ ಉಳಿಸ್ಕೊಂಡ್ ಬಂದೋಳು ಅಂತ. ಅದರಲ್ಲಿ ಒಂದಕ್ಷರ ಕನ್ನಡ ಇಲ್ಲ. ಇದನ್ ಯಾರ್ ನಂಬ್ತಾರೆ ಅನ್ಕೊಂಡೆ. ‘ಅದ್ಬೇಡ ಕಣೇ, ಆಧಾರ್ ತೋರ್ಸು’ ಅಂದೆ. ಗ್ಯಾಸ್ನೋರು, ಆಸ್ಪತ್ರೆಯೋರು, ಎಲ್ರೂ ಅದನ್ನೇ ತಾನೇ ಕೇಳೋದು? ಅವಳು ಒಂದ್ಸಲ ನನ್ ಮುಖ ನೋಡಿದ್ಲು. ನನ್ ಮಾತು ಒಂದಿನ ಮೀರಿದೋಳಲ್ಲ. ನೀಲಿ ಕಾರ್ಡ್ ನನ್ ಕೈಲಿಟ್ಟು ಆಧಾರ್ ತೆಗೆದ್ಲು. ಆ ಆಧಾರ್ ಮಾಡ್ಸಿದ್ದೂ ನಾನೇ, ನನ್ ತಂಗಿ ಅಂತ ಸುಳ್ ಹೇಳಿ. ಅದ್ ಸುಳ್ಳು ಅಂತ ಹಿಡಿದು ಕರ್ಕೊಂಡ್ ಹೋದ್ರು.”

ಶಿವಗಂಗಮ್ಮನ ಎದುರಿಗೆ ಕೂತಿದ್ದ ರಕ್ಷಾ ಎಲ್ಲವನ್ನೂ ಬರೆದುಕೊಂಡಳು. ನಾಗರಬಾವಿಯಲ್ಲಿ ರೂಮು ಮಾಡಿಕೊಂಡು ಕಾನೂನು ಓದುತ್ತಾ, ಲಾಯರೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದ ಹುಡುಗಿ. ಸೆನುವಾರಾಳ ವಿಷಯ ಯಾರೋ ಹೇಳಿದರೆಂದು ಗೋವಿಂದರಾಜನಗರದ ಈ ವಠಾರ ಹುಡುಕಿಕೊಂಡು ಬಂದಿದ್ದಳು.

ಶಿವಗಂಗಮ್ಮ ಮೂವತ್ತು ವರ್ಷದಿಂದ ಊದಿನಕಡ್ಡಿ ಹೊಸೆಯುವವಳು. ಗಂಡ ಬೆಟ್ಟಯ್ಯ ತೀರಿಕೊಂಡ ಮೇಲೂ ಮಣೆಯ ಮುಂದಿನಿಂದ ಏಳಲಿಲ್ಲ. ಎಂಟು ವರ್ಷದ ಕೆಳಗೆ ಸೆನುವಾರಾ ಗಂಡನ ಜೊತೆ ಪಕ್ಕದ ಕೋಣೆಗೆ ಬಂದಳು. ಕೆಂಗೇರಿ ಕಡೆ ಗುಜರಿ ಆಯುತ್ತಿದ್ದ ಅವಳ ಗಂಡ ಜ್ವರ ಬಂದು ತೀರಿಹೋದ. ಒಂಟಿ ಹೆಂಗಸೆಂದು ವಠಾರದ ಮಾಲೀಕರು ಕೋಣೆ ಬಿಡಿಸಿದರು. ಶಿವಗಂಗಮ್ಮ ತನ್ನ ಚಾಪೆಯಲ್ಲೇ ಅರ್ಧ ಜಾಗ ಕೊಟ್ಟಳು, ಕೆಲಸವನ್ನೂ ಕಲಿಸಿದಳು.

“ಏನೇ ಇದು, ಕಡ್ಡಿನೋ ಜಂತುಹುಳಾನೋ?” ಎಂದು ಶಿವಗಂಗಮ್ಮ ರೇಗಿಸುವಳು.

“ನಿಮ್ದು ಎಮ್ಮೆ ಬಾಲ ಅಕ್ಕ,” ಎನ್ನುವಳು ಸೆನುವಾರಾ, ತಲೆ ಎತ್ತದೆ.

ಆದರೆ ಊದಿನಕಡ್ಡಿ ಗೋಡೌನಿನವರು ಆಧಾರ್ ಇಲ್ಲದವರಿಗೆ ಹೊಸೆಯಲು ಕಲಸಿದ ಹಿಟ್ಟು ಕೊಡುತ್ತಿರಲಿಲ್ಲ. ಅದಕ್ಕೇ ಶಿವಗಂಗಮ್ಮ ಆ ಕಾರ್ಡು ಮಾಡಿಸಿದ್ದು. ಅದರಿಂದ ಯಾರಿಗಾದರೂ ಕೇಡಾಗಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಪೊಲೀಸರು ಸೆನುವಾರಾಳನ್ನು ಕರೆದೊಯ್ದ ಮಾರನೆಯ ದಿನವೇ ಶಿವಗಂಗಮ್ಮ ನೀಲಿ ಕಾರ್ಡು ಹಿಡಿದು ಠಾಣೆಗೆ ಹೋಗಿದ್ದಳು. ಅಲ್ಲಿ ಬರೆಯುತ್ತಾ ಕೂತಿದ್ದ ಪೊಲೀಸಿನವ ಲಿಂಗಪ್ಪ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದ.

“ಅಮ್ಮಾ, ಮೊದ್ಲು ತೋರ್ಸಿದ್ದು ಸುಳ್ಳು ಅಂತಾಯ್ತು. ಈಗ ಇನ್ನೊಂದು ತಂದ್ರೆ ಹೆಂಗ್ ನಂಬೋದು?”

“ಇದು ನಿಜದ್ದು ಸಾರ್.”

“ನಿಜವೋ ಸುಳ್ಳೋ ಹೇಳ್ಬೇಕಾದೋರು ಜಡ್ಜು. ನಾನಲ್ಲ.”

“ಹಂಗಾದ್ರೆ ಜಡ್ಜ್ ಮುಂದೆ ನಿಲ್ಸಿ. ಸುಳ್ ಹೇಳ್ಸಿದೋಳು ನಾನು, ನನ್ನೂ ನಿಲ್ಸಿ.”

ಲಿಂಗಪ್ಪ ಕಾರ್ಡನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದ. “ಇವರ್ ವಿಷ್ಯ ಅಲ್ಲೀವರ್ಗೂ ಹೋಗಲ್ಲಮ್ಮ. ದೇಶದಿಂದ ಆಚೆ ಕಳ್ಸೋ ಪಟ್ಟಿ ಮೇಲಿಂದ ಬರುತ್ತೆ.”

ಶಿವಗಂಗಮ್ಮ ಇಷ್ಟು ಹೇಳಿ ಮುಗಿಸಿದಾಗ ರಕ್ಷಾ ಪೆನ್ನು ಕೆಳಗಿಟ್ಟಳು. “ಯಾರನ್ನೇ ಆಗ್ಲಿ, ಅವರ ಮಾತು ಕೇಳ್ದೆ ಕಳ್ಸೋ ಹಾಗಿಲ್ಲ ಅಜ್ಜಿ. ನಮ್ ಲಾಯರ್ ನಾಳೆ ಅರ್ಜಿ ಹಾಕ್ತಾರೆ. ಸೋಮವಾರ ಕೋರ್ಟಿಗೆ ಬರುತ್ತೆ.”

“ಅಲ್ಲೀಗಂಟ ಇಟ್ಕೊಂಡಿರ್ತಾರಾ ಅವಳ್ನ?”

ರಕ್ಷಾ ನೀಲಿ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದುಕೊಂಡಳು.

ಸೋಮವಾರ ಇಬ್ಬರೂ ವಿಜಯನಗರದಲ್ಲಿ ಮೆಟ್ರೋ ಹತ್ತಿ ಹೋದರು. ದಾರಿಯುದ್ದಕ್ಕೂ ಶಿವಗಂಗಮ್ಮನ ತುಟಿ ಆಡುತ್ತಲೇ ಇತ್ತು. ತಪ್ಪು ನನ್ನದು ಸ್ವಾಮಿ, ಶಿಕ್ಷೆ ನನಗೆ ಕೊಡಿ, ಅವಳ ಮಾತು ಒಂದು ಸಲ ಕೇಳಿ. ಇಷ್ಟನ್ನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದಳು. ಕೋರ್ಟಿನಲ್ಲಿ ಸರ್ಕಾರದ ಕಡೆಯವರು ಎದ್ದು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಜಡ್ಜು ತಲೆಯಾಡಿಸಿ ಫೈಲು ಪಕ್ಕಕ್ಕಿಟ್ಟರು. ಮುಂದಿನ ಹೆಸರು ಕೂಗಿದರು.

“ನಮ್ದು ಯಾವಾಗ ಬರುತ್ತಮ್ಮ?”

“ಆಯ್ತು ಅಜ್ಜಿ. ನಮ್ದೇ ಅದು.” ರಕ್ಷಾ ಅವಳ ಕಿವಿಯ ಬಳಿ ಬಗ್ಗಿದಳು. “ಶುಕ್ರವಾರಾನೇ ಅವಳ್ನ ರೈಲು ಹತ್ಸಿ ಗಡಿ ದಾಟಿಸ್ಬಿಟ್ಟಿದಾರೆ. ಆಳೇ ಇಲ್ದೆ ಇರೋವಾಗ ಅರ್ಜೀಲಿ ಕೇಳೋಕೆ ಏನೂ ಉಳ್ದಿಲ್ಲ ಅಂದ್ರು.”

ಶಿವಗಂಗಮ್ಮನನ್ನು ಯಾರೂ ಕರೆಯಲಿಲ್ಲ. ಬಾಯಿಪಾಠದ ಮಾತು ಬಾಯಲ್ಲೇ ಉಳಿಯಿತು.

ಹತ್ತು ದಿನವಾದ ಮೇಲೆ ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

“ಅಕ್ಕ. ಇದು ಬಾಂಗ್ಲಾ ಅಂತೆ. ನಮ್ ದೇಶ ಅಲ್ಲ. ಇಲ್ಲೀನೂ ಕೇಳ್ತಾರೆ, ನೀನ್ ಯಾರು ಅಂತ. ನನ್ ನೀಲಿ ಕಾರ್ಡ್?”

“ನನ್ ಹತ್ರಾನೇ ಇದೆ ಕಣೇ! ಎಲ್ಲಿಗ್ ಕಳ್ಸ್ಲಿ? ಅಡ್ರೆಸ್ ಹೇಳು.”

ಆ ಕಡೆ ಸೆನುವಾರಾ ಯಾರನ್ನೋ ಕೇಳಿದಳು. ಗಂಡಸಿನ ದನಿಯೊಂದು ಗದರಿತು. ಆಮೇಲೆ ಏನೂ ಕೇಳಿಸಲಿಲ್ಲ. ತಿರುಗಿ ಮಾಡಿದರೆ ಸ್ವಿಚ್ ಆಫ್. ಶಿವಗಂಗಮ್ಮ ಮತ್ತೆ ಮಾಡಿದಳು, ಮತ್ತೆ ಮಾಡಿದಳು.

“ಶಿವಗಂಗಮ್ಮಾ, ನೀರ್ ಬಂತು! ಈಗ್ ಹಿಡೀದಿದ್ರೆ ಇನ್ನೆರಡ್ ದಿನ ಇಲ್ಲ!” ಎದುರು ಮನೆಯ ಇಂದ್ರಮ್ಮ ಕೂಗಿದಳು.

ಅವಳು ಫೋನನ್ನು ಗೋಡೆಯ ಗೂಡಿನಲ್ಲಿ ನೀಲಿ ಕಾರ್ಡಿನ ಪಕ್ಕ ಇಟ್ಟು ಹೊರಗೆ ಬಂದಳು. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿದಳು. ಮೊದಲು ಬಂದ ಮಣ್ಣು ನೀರನ್ನು ಚೆಲ್ಲಿ ಕೊಡ ಇಟ್ಟಳು. ಅದು ತುಂಬುತ್ತಲೇ ಸರಿಸಿ ಇನ್ನೊಂದನ್ನು ಇಟ್ಟಳು.