ಹದಿಮೂರನೇ ಸ್ಕ್ರೀನು ತೊಳೆದವಳು

ಪೇಟೆಯ ದೊಡ್ಡ ಹೋಟೆಲಿನ ಮುಂಗೋಣೆಯಲ್ಲಿ ಒಂದು ಚಿತ್ರ ತೂಗುಹಾಕಿದ್ದಾರೆ. ಜಾಡಿ ತುಂಬ ಹೂವು, ಹೂವಿನ ಹಿಂದೆ ಕಡಲು, ಕಡಲಿಗೆ ಅಂಟಿಕೊಂಡ ಊರು. ಕೆಳಗೆ ಬಲಗಡೆ ಪೆನ್ಸಿಲಿನ ಸಹಿ. ಜನ ಮೊದಲು ಬಗ್ಗಿ ನೋಡುವುದು ಆ ಸಹಿಯನ್ನೇ. ಸಹಿ ಹಾಕಿದ ಮಹಾನುಭಾವ ಆ ಕಾಗದದ ಮೇಲೆ ಮಾಡಿದ ಕೆಲಸ ಅದೊಂದೇ. ಮಿಕ್ಕದ್ದೆಲ್ಲ ನನ್ನಕ್ಕನದು. ಹನ್ನೊಂದು ವರ್ಷವಾಯಿತು, ಅದರ ಮುಂದೆ ನಿಂತರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ನನ್ನಕ್ಕನನ್ನು ಬೀದಿಯವರು ಬಣ್ಣದಕ್ಕ ಅನ್ನುತ್ತಾರೆ. ಮೆಟ್ಟಿಲ ಕೆಳಗಿನ ಎರಡು ಕೋಣೆ ನಮ್ಮ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಫ್ರೇಮಿಗೆ ಬಿಗಿದ ತೆಳ್ಳನೆಯ ಬಟ್ಟೆಯೇ ಸ್ಕ್ರೀನು. ಬಣ್ಣ ಇಳಿಯಬೇಕಾದ ಜಾಗ ಬಿಟ್ಟು ಮಿಕ್ಕದ್ದನ್ನು ಮುಚ್ಚಿ, ಬಣ್ಣ ಸುರಿದು ರಬ್ಬರ್ ಪಟ್ಟಿಯಲ್ಲಿ ಎಳೆದರೆ ಕೆಳಗಿನ ಕಾಗದಕ್ಕೆ ಚಿತ್ರ ಬೀಳುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನು. ಎಳೆಯುವುದು ನಾನು, ಬಣ್ಣ ಕಲಸುವುದು, ಸ್ಕ್ರೀನು ಕೂರಿಸುವುದು ಅವಳು. ನಾನು ಓದಿದ್ದು ಐದನೇ ಕ್ಲಾಸು, ಅವಳು ಏಳು. ಆ ಎರಡು ಕ್ಲಾಸಿನ ಜಂಬ ಅವಳಿಗೆ ಇನ್ನೂ ಇಳಿದಿಲ್ಲ. ಕೈಚೀಲ, ಬನಿಯನ್ನು, ಅಂಗಡಿ ಹೆಸರು, ಇಷ್ಟೇ ನಮಗೆ ಬರುತ್ತಿದ್ದ ಕೆಲಸ. ಅವಳ ಆಸೆಯೆಲ್ಲ ಚಿತ್ರ ಮುದ್ರಿಸುವುದರ ಮೇಲೆ.

ಅಂಥ ಹೊತ್ತಿಗೆ ಈ ಚಿತ್ರಗಾರ ಬಂದ. ತಾನು ಬರೆದ ಹೂವು, ಕಡಲಿನ ಚಿತ್ರ ತೋರಿಸಿ, ಇದರ ಎಂಬತ್ತು ಪ್ರತಿ ಬೇಕು ಅಂದ. ಪ್ರತಿಯೊಂದಕ್ಕೂ ಒಟ್ಟು ಎಂಬತ್ತರಲ್ಲಿ ಎಷ್ಟನೆಯದು ಎಂಬ ನಂಬರು, ಪಕ್ಕದಲ್ಲಿ ಅವನ ಸಹಿ. ಈ ಕೆಲಸಕ್ಕೆ ಒಂದು ರೂಢಿ ಇದೆ. ಎಲ್ಲ ಮುಗಿದ ಮೇಲೆ ಚಿತ್ರಗಾರನ ಕಣ್ಣೆದುರೇ ಸ್ಕ್ರೀನು ತೊಳೆದುಬಿಡಬೇಕು, ಎಂಬತ್ತೊಂದನೆಯದು ಹುಟ್ಟಬಾರದು. ಮುದ್ರಿಸಿದವರಿಗೆ ಮಾತ್ರ ನಂಬರಿಲ್ಲದ ಒಂದು ಪ್ರತಿ, ಅದಕ್ಕೂ ಸಹಿ. ಅದು ಗೋಡೆಯ ಮೇಲಿದ್ದರೆ ಬೇರೆ ಚಿತ್ರಗಾರರು ನಂಬಿ ಬರುತ್ತಾರೆ. ಇಲ್ಲದಿದ್ದರೆ ಕೈಚೀಲವೇ ಗತಿ. ಅಕ್ಕನಿಗೆ ಬೇಕಾಗಿದ್ದು ಆ ಒಂದು ಸಹಿ.

ಕಾಗದ ತಂದವನೇ, ನಾಳೆಯೇ ಶುರುಮಾಡಿ ಅಂದ.

"ಸಾರ್, ಕಾಗದ ನಾಲ್ಕು ದಿನ ಈ ಕೋಣೆಯ ಗಾಳಿ ಕುಡೀಬೇಕು. ಇಲ್ಲಾಂದ್ರೆ ಅರ್ಧದಲ್ಲಿ ಹಿಗ್ಗುತ್ತೆ," ಅಂದಳು ಅಕ್ಕ.

"ನನಗೆ ಪಾಠ ಹೇಳ್ಬೇಡಮ್ಮ. ಪ್ರದರ್ಶನದ ತಾರೀಕು ಗೊತ್ತಾಗೋಗಿದೆ, ಕಾಯೋಕಾಗಲ್ಲ."

ಅಲ್ಲಿ ಅವಳು ಒಪ್ಪಿಕೊಂಡದ್ದೇ ತಪ್ಪು. ಹನ್ನೆರಡು ಬಣ್ಣದಲ್ಲಿ ಕಡಲಿನ ನೀಲಿ ಕೊನೆಯದು. ಅವತ್ತು ತೇವದ ಗಾಳಿ ಬೀಸಿ ಕಾಗದ ಕೂದಲೆಳೆಯಷ್ಟು ಹಿಗ್ಗಿತು. ಎಸಳಿಗೂ ಕಡಲಿಗೂ ನಡುವೆ ಬಿಳೀ ಗೆರೆ. ಒಂದರಲ್ಲಲ್ಲ, ಎಲ್ಲದರಲ್ಲೂ. ಅವನು ಬಂದು ನೋಡಿ, ಹರಿದುಹಾಕಿ ಅಂದ.

"ಹರಿಯೋಕೆ ನನಗೆ ಕೈ ಬರಲ್ಲ. ಎರಡು ದಿನ ಬಿಟ್ಟು ಬನ್ನಿ," ಅಂದಳು.

ಆ ಎರಡು ದಿನ ಕಿಟಕಿಯ ಬಳಿ ಕೂತು ಎಸಳಿನ ಅಂಚಿಗೆ ಒಂದು ನೆರಳು ಬರೆದಳು. ಹೊಗೆಯಷ್ಟು ತೆಳುವಾದ ನೇರಳೆ ಕಲಸಿದಳು. ಹದಿಮೂರನೇ ಸ್ಕ್ರೀನು. ನಾನು ಎಳೆದೆ. ಬಿಳೀ ಗೆರೆ ಅಡಗಿತು, ಹೂವು ಕಡಲಿನಿಂದ ಎದ್ದು ಮುಂದೆ ಬಂದು ನಿಂತಿತು.

ಚಿತ್ರಗಾರ ತುಂಬ ಹೊತ್ತು ನೋಡಿದ. "ಈ ನೆರಳು ಮೊದಲಿಂದಾನೂ ನನ್ನ ಮನಸ್ಸಲ್ಲಿತ್ತು," ಅಂದ.

"ಮನಸ್ಸಿಂದ ಕೆಳಗಿಳಿಯೋಕೆ ನಮ್ಮಕ್ಕನ ಕೈ ಹಿಡ್ಕೊಂಡಿತು ನೋಡಿ ಸಾರ್," ಅಂದೆ. ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಎಂಬತ್ತಕ್ಕೂ ಸಹಿ ಹಾಕಿ, ಕೈ ಸೋತಿತು, ನಿಮ್ಮದಕ್ಕೆ ಮುಂದಿನ ವಾರ, ಸ್ಕ್ರೀನೂ ಆಗಲೇ ತೊಳೆಯಿರಿ ಎಂದು ಹೇಳಿ ಹೋದ.

ಮುಂದಿನ ವಾರ ಬಂದ, ನಗುನಗುತ್ತ. ಪ್ರದರ್ಶನದಲ್ಲಿ ಒಂದೂ ಉಳಿದಿರಲಿಲ್ಲ.

"ಇನ್ನೊಂದಿಪ್ಪತ್ತು ಎಳೆದುಬಿಡಮ್ಮ. ನಂಬರು ನಾನು ನೋಡ್ಕೋತೀನಿ."

"ಒಟ್ಟು ಎಂಬತ್ತು ಅಂತ ನೀವೇ ಬರೆದಿದ್ದೀರಲ್ಲ ಸಾರ್."

"ಯಾರು ಎಣಿಸ್ತಾರೆ?"

"ಎಳೆದವರು ಎಣಿಸಿರ್ತಾರೆ."

ಅವನು ನಮ್ಮ ಪ್ರತಿಯನ್ನು ಮುಂದಕ್ಕೆಳೆದುಕೊಂಡು ಪೆನ್ಸಿಲನ್ನು ಅದರ ಮೂಲೆಗೆ ತಂದ. "ಹೂಂ ಅನ್ನು, ಈಗಲೇ ಸಹಿ ಹಾಕ್ತೀನಿ."

ಸುಳ್ಳು ಯಾಕೆ ಹೇಳಲಿ, ನನಗೆ ಬಾಯಲ್ಲಿ ನೀರೂರಿತು. ಇಪ್ಪತ್ತು ಎಳೆಯುವುದು ಏನು ಮಹಾ ಕೆಲಸ. "ಹೂಂ ಅನ್ನಕ್ಕ," ಅಂದೆ.

ಅವಳು ಹದಿಮೂರನೇ ಸ್ಕ್ರೀನನ್ನು ತೊಟ್ಟಿಗಿಳಿಸಿ ನಲ್ಲಿ ತಿರುಗಿಸಿದಳು. ಅಚ್ಚು ಕರಗಿಸುವ ಔಷಧಿ ಸುರಿದು ಬ್ರಷ್ಷಿನಿಂದ ಗಸಗಸ ಉಜ್ಜಿದಳು. ಆಮೇಲೆ ಹನ್ನೆರಡು. ಆಮೇಲೆ ಹನ್ನೊಂದು. ಕಡಲು, ಊರು, ಜಾಡಿ, ಒಂದೊಂದೇ ಮೋರಿಗೆ ಹೋದವು.

"ಬಹಳ ಸೊಕ್ಕು ನಿನಗೆ," ಅಂದ ಅವನು.

"ಇದೆ ಸಾರ್," ಅಂದಳು, ತಲೆ ಎತ್ತದೆ.

ಅವನು ಪೆನ್ಸಿಲು ಜೇಬಿಗೆ ಹಾಕಿಕೊಂಡು ಹೊರಟುಹೋದ. ನಾನು ಬೀದಿಗೆ ಕೇಳುವ ಹಾಗೆ ಕೂಗಾಡಿದೆ. "ಕೈಗೆ ಬಂದದ್ದನ್ನ ಮೋರಿಗೆ ಹಾಕಿದೆಯಲ್ಲ, ತಲೆ ಕೆಟ್ಟಿದೆಯಾ ನಿನಗೆ? ಸಾಯೋತನಕ ಕೈಚೀಲಾನೇ ಎಳೆಯೋಣ."

"ಮುಗೀತಾ? ಆ ಒಣ ಬಟ್ಟೆ ಕೊಡು. ಇನ್ನೂ ಮೂರು ಬಾಕಿ ಇದೆ."

ನಾನು ಅಂದದ್ದೇ ಆಯಿತು. ನಾವು ಕಾಗದ ಹಾಳುಮಾಡುವವರು ಎಂದು ಅವನು ಸುದ್ದಿ ಹಬ್ಬಿಸಿದ. ಮತ್ತೊಬ್ಬ ಚಿತ್ರಗಾರನೂ ನಮ್ಮ ಬಾಗಿಲು ತುಳಿಯಲಿಲ್ಲ. ಅಕ್ಕ ಈಗಲೂ ಕೈಚೀಲಕ್ಕೆ ಬಣ್ಣ ಕಲಸುತ್ತಾಳೆ, ಅದನ್ನೂ ಹತ್ತು ಸಲ ಬೆಳಕಿಗೆ ಹಿಡಿದು ನೋಡುತ್ತಾಳೆ. ಅವಳಿಗೆ ತಲೆ ಕೆಟ್ಟಿರಲಿಲ್ಲ ಎಂದು ನನಗೆ ಗೊತ್ತಾಗುವುದಕ್ಕೆ ವರ್ಷಗಳೇ ಹಿಡಿದವು.

ಎರಡು ವರ್ಷದ ಹಿಂದೆ ಅವನ ಕಡೆಯವನೊಬ್ಬ ಬಂದಿದ್ದ. ನಮ್ಮ ಪ್ರತಿಯನ್ನು ಅವರ ಮನೆಗೆ ತಂದರೆ ಸಹಿ ಹಾಕಿಕೊಡುತ್ತಾರಂತೆ, ಹಳೆಯದನ್ನೆಲ್ಲ ಮರೆತುಬಿಡೋಣ ಅಂದರಂತೆ.

"ನಮ್ಮಂಗಡಿ ಅವರಿಗೆ ಗೊತ್ತು. ಅವರೇ ಬರಲಿ," ಅಂದಳು ಅಕ್ಕ.

ಆ ಪ್ರತಿ ಒಣಹಾಕುವ ಹಗ್ಗದ ಹಿಂದಿನ ಗೋಡೆಯ ಮೇಲಿದೆ. ಬಲಗಡೆಯ ಮೂಲೆ ಖಾಲಿ. ಗಾಜು ಹಾಕಿಸೋಣವೆಂದರೆ ಅಕ್ಕ ಬೇಡ ಅನ್ನುತ್ತಾಳೆ, ಗಾಜಿನ ಮೇಲೆ ಪೆನ್ಸಿಲು ಓಡುವುದಿಲ್ಲ. ಅವನು ಇನ್ನೂ ಬಂದಿಲ್ಲ.