ಗುಡ್ಡೆ ಬಾಡಿನ ಉಳಿದ ಪಾಲು

ಮೊನ್ನೆ ಭಾನುವಾರ ಅಡುಗೆಮನೆಯಿಂದ ಧನಿಯ ಹುರಿಯುವ ವಾಸನೆ ಬರುತ್ತಿತ್ತು. ಟಿ.ವಿ.ಯಲ್ಲಿ ಉತ್ತರದ ಯಾವುದೋ ಊರಿನ ಬಾಂಬ್ ಸ್ಫೋಟದ ಸುದ್ದಿ. ತಜ್ಞರಲ್ಲಿ ಒಬ್ಬರು ಬಡತನ ಕಾರಣ ಎಂದರೆ, ಇನ್ನೊಬ್ಬರು ವಿದೇಶದ ಹಣ ಎನ್ನುತ್ತಿದ್ದರು. ಹೊಸಕೋಟೆ ಬಿಟ್ಟು ಹೆಚ್ಚು ದೂರ ಹೋಗದ ನನಗೂ ಜಗತ್ತಿಗೆ ಬುದ್ಧಿ ಹೇಳುವ ಚಟವಿದೆ. ಆದರೆ ಧನಿಯದ ವಾಸನೆ ನನ್ನನ್ನು ಊರಿಗೆ ಎಳೆದುಕೊಂಡು ಹೋಯಿತು.

ಅನುಗೊಂಡನಹಳ್ಳಿಯ ಹತ್ತಿರ ನಮ್ಮೂರು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಬೀದಿಯವರೆಲ್ಲ ಸೇರಿ ಕುರಿ ತಂದು, ಕೊಯ್ಯಿಸಿ, ಬಾಡನ್ನು ಎಲೆಗಳ ಮೇಲೆ ಸಮನಾಗಿ ಗುಡ್ಡೆ ಹಾಕುತ್ತಾರೆ. ಒಬ್ಬರು ಗುಡ್ಡೆ ತೋರಿಸಿ "ಇದ್ಯಾರ್ದು?" ಎಂದರೆ, ಬೆನ್ನು ತಿರುಗಿಸಿ ನಿಂತವನು ಯಾವುದೋ ಮನೆಯ ಹೆಸರು ಕೂಗುತ್ತಾನೆ. ಬರೀ ಮೂಳೆ ಬಂದರೂ ತಕರಾರಿಲ್ಲ. ಕುರಿ ಕೊಯ್ಯುತ್ತಿದ್ದವರು ಪಕ್ಕದ ಬೀದಿಯಲ್ಲಿ ಬಾಡಿನ ಅಂಗಡಿ ಇಟ್ಟಿದ್ದ ಬಾಬು ಸಾಬರು. ಅವರ ಮನೆಗೂ ಒಂದು ಗುಡ್ಡೆ.

ಒಂದು ವರ್ಷ ಹಬ್ಬಕ್ಕೆ ಮುಂಚೆ ಬಸ್ ನಿಲ್ದಾಣವೊಂದರಲ್ಲಿ ಬಾಂಬ್ ಸಿಡಿದು, ಚಿಕ್ಕಪ್ಪನ ಮಗ ಲೋಕೇಶನ ಗೆಳೆಯ ರವಿ ಆಸ್ಪತ್ರೆ ಸೇರಿದ. ಲೋಕೇಶ ಮಾತು ಬಿಟ್ಟ. ಹಗಲೆಲ್ಲ ಮೊಬೈಲಿನಲ್ಲಿ ಸೇಡಿನ ಭಾಷಣ ಕೇಳುತ್ತ ಕೂರುತ್ತಿದ್ದ. ಮಗ ಎಲ್ಲಿ ಕೈತಪ್ಪಿ ಹೋಗುತ್ತಾನೋ ಎಂದು ಚಿಕ್ಕಪ್ಪನಿಗೆ ದಿಗಿಲು. ಆ ಸಲ ಹೆಸರು ಕೂಗಲು ಅವನನ್ನೇ ನಿಲ್ಲಿಸಿದರು.

ಕೂಗಿದ್ದು ಮುಗಿದಾಗ ಒಂದು ಗುಡ್ಡೆ ಉಳಿದಿತ್ತು.

"ಇದ್ಯಾರ್ದೋ?" ಎಂದರು ಚಿಕ್ಕಪ್ಪ.

"ಬಾಂಬ್ ಇಟ್ಟೋರ್ ಜನದ ಹೆಸ್ರು ನಾನ್ ಕೂಗಲ್ಲ."

ನಾಚಿಕೆಯಿಂದ ನಾನು ಹಿಡಿಯಾದೆ. ಚಿಕ್ಕಪ್ಪ ಗದರಲಿಲ್ಲ. "ಬಾಂಬ್ ಇಟ್ಟೋನೂ ಹಿಂಗೇ ಕಣೋ. ಅಲ್ಲಿ ನಿಂತಿದ್ದೋರು ಯಾರು ಅಂತ ಮುಖ ನೋಡಿದ್ನಾ? ನೀನಾದ್ರೂ ಈ ಕಡೆ ತಿರುಗಿ ಹೇಳು."

ಲೋಕೇಶ ತಿರುಗಿದ. ಬಾಬು ಸಾಬರು ಕತ್ತಿ ಒರೆಸುತ್ತಿದ್ದರು. "ಬಿಡಿ ಗೌಡ್ರೇ, ಹುಡ್ಗ ನೊಂದವ್ನೆ. ರವಿಗೆ ಈಗ ಹೆಂಗೈತಪ್ಪಾ?"

"ಒಂದು ಕಿವಿ ಕೇಳ್ಸಲ್ಲ" ಎಂದವನೇ ಅತ್ತುಬಿಟ್ಟ. ಹೆಸರು ಮಾತ್ರ ಹೇಳಲಿಲ್ಲ, ಊಟಕ್ಕೂ ಬರಲಿಲ್ಲ. ಆ ಗುಡ್ಡೆಯನ್ನು ಚಿಕ್ಕಪ್ಪನೇ ಎತ್ತಿಕೊಟ್ಟರು. ಆಮೇಲೆ ಹೊಲಕ್ಕೆ, ಸಂತೆಗೆ, ಸಾಬರ ಅಂಗಡಿಗೆ, ಎಲ್ಲಿ ಹೋದರೂ ಮಗನನ್ನು ಜೊತೆಗೆ ಕರೆದುಕೊಂಡೇ ಓಡಾಡಿದರು. ಯಾಕೆಂದು ಕೇಳಿದ್ದಕ್ಕೆ, "ಸಿಟ್ಟು ಬಂದೋನ್ನ ಒಂಟಿಯಾಗಿ ಬಿಟ್ರೆ ಬೇರೆ ಯಾರಾದ್ರೂ ಕರ್ಕೊಂಡ್ ಹೋಗ್ಬಿಡ್ತಾರೆ" ಎಂದಿದ್ದರು.

ಟಿ.ವಿ.ಯ ಚರ್ಚೆ ಮುಗಿಯುವಂತಿರಲಿಲ್ಲ. ಹಳೆಯ ಭಯ ಮರುಕಳಿಸಿ ಲೋಕೇಶನಿಗೆ ಫೋನು ಮಾಡಿದೆ.

"ನ್ಯೂಸ್ ನೋಡಿದ್ಯೇನೋ? ಎಲ್ಲಿದೀಯಾ?"

"ಬಾಬು ಸಾಬ್ರ ಮನೇಲಿದೀನಿ ಅಣ್ಣ. ನ್ಯೂಸ್ ನೋಡಿ ಅಂಗಡಿ ತೆಗಿಯಕ್ಕೆ ಹೆದರ್ಕೊಂಡು ಕೂತವ್ರೆ. ಬಾಗಿಲಲ್ಲಿ ನಾನ್ ಕೂತ್ಕೋತೀನಿ, ತೆಗೀರಿ ಅಂತ ಹೇಳ್ತಿದೀನಿ."

ನಾನು ಚಪ್ಪಲಿ ಮೆಟ್ಟಿಕೊಂಡು ಊರಿನ ಬಸ್ಸು ಹಿಡಿಯಲು ಹೊರಟೆ.